ಗೆದ್ದವರಿಲ್ಲ, ಸೋತವರಿಲ್ಲ: ಬಯಾಫ್ರಾ ಯುದ್ಧದ ಕಥೆ

(ಉಪನ್ಯಾಸದ ಪಠ್ಯ)

1970ರ ಜನವರಿ 15. ನೈಜೀರಿಯಾದ ಅಂದಿನ ರಾಜಧಾನಿ ಲಾಗೋಸ್. ಅಲ್ಲಿನ ಡೋಡನ್ ಬ್ಯಾರಕ್ಸ್‌ನಲ್ಲಿ ಇಬ್ಬರು ಸೇನಾಧಿಕಾರಿಗಳು ಎದುರುಬದುರಾಗಿ ನಿಂತರು. ಒಬ್ಬರು ದೇಶದ ಮುಖ್ಯಸ್ಥ ಯಾಕುಬು ಗೊವನ್. ಇನ್ನೊಬ್ಬರು, ಎರಡೂವರೆ ವರ್ಷ ‘ಬಯಾಫ್ರಾ’ ಎಂಬ ಹೆಸರಿನಲ್ಲಿ ಬೇರೆ ರಾಷ್ಟ್ರವಾಗಿ ಬಾಳಲು ಹೆಣಗಿ ಸೋತ ಪ್ರದೇಶದ ಕಡೆಯಿಂದ ಬಂದಿದ್ದ ಫಿಲಿಪ್ ಎಫಿಯಾಂಗ್. ಬಯಾಫ್ರಾ ಎಂಬ ಗಣರಾಜ್ಯ ಇನ್ನಿಲ್ಲ ಎಂದು ಎಫಿಯಾಂಗ್ ಒಪ್ಪಿಕೊಂಡರು. ಈ ಯುದ್ಧದಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ ಎಂಬುದು ಗೊವನ್ ಸರ್ಕಾರದ ಘೋಷಣೆಯಾಯಿತು.

ಹೊರಗಿನ ಪತ್ರಿಕೆಗಳು ಈ ಯುದ್ಧವನ್ನು ಬಹುಮಟ್ಟಿಗೆ ಒಂದೇ ಮಾತಿನಲ್ಲಿ ವಿವರಿಸಿದ್ದವು. ಉತ್ತರದ ಹೌಸಾಗಳಿಗೂ ಪೂರ್ವದ ಇಗ್ಬೊಗಳಿಗೂ ಕಾಳಗ. ಮುಸ್ಲಿಮರಿಗೂ ಕ್ರೈಸ್ತರಿಗೂ ಕಾಳಗ. ಹಳೆಯ ಬುಡಕಟ್ಟು ದ್ವೇಷ. ಆದರೆ ಆ ಕೋಣೆಯಲ್ಲಿ ನಿಂತಿದ್ದವರನ್ನು ಗಮನಿಸಿ. ಗೊವನ್ ಹೌಸಾ ಅಲ್ಲ, ಮುಸ್ಲಿಮರೂ ಅಲ್ಲ. ಉತ್ತರದ ಪ್ರಸ್ಥಭೂಮಿಯ ಗಾಸ್ ಎಂಬ ಪುಟ್ಟ ಜನಾಂಗಕ್ಕೆ ಸೇರಿದ ಕ್ರೈಸ್ತರು. ಎಫಿಯಾಂಗ್ ಇಗ್ಬೊ ಅಲ್ಲ, ಪೂರ್ವದ ಅಲ್ಪಸಂಖ್ಯಾತ ಇಬಿಬಿಯೊ ಜನಾಂಗದವರು. ಹೌಸಾ–ಇಗ್ಬೊ ಯುದ್ಧ ಎನ್ನಿಸಿಕೊಂಡದ್ದು ಹೌಸಾನೂ ಅಲ್ಲದ, ಇಗ್ಬೊನೂ ಅಲ್ಲದ ಇಬ್ಬರ ನಡುವೆ ಮುಗಿಯಿತು. ಹಾಗಾದರೆ ‘ಬುಡಕಟ್ಟು ದ್ವೇಷ’ ಎಂಬ ವಿವರಣೆ ಎಷ್ಟು ದೂರ ನಡೆದೀತು? ಹತ್ತು ವರ್ಷವೂ ತುಂಬದ ಒಂದು ಸ್ವತಂತ್ರ ದೇಶದಲ್ಲಿ ನೆರೆಹೊರೆಯವರು ವೈರಿಗಳಾದದ್ದು ಹೇಗೆ? ಇಂದಿನ ಮಾತು ಈ ಪ್ರಶ್ನೆಯ ಸುತ್ತ.

ಹೆಸರಿಟ್ಟವರು, ಜೋಡಿಸಿದವರು

‘ನೈಜೀರಿಯಾ’ ಎಂಬ ಹೆಸರು ಆ ನೆಲದಲ್ಲಿ ಹುಟ್ಟಿದ್ದಲ್ಲ. ನೈಜರ್ ನದಿಯ ಹೆಸರನ್ನು ಹಿಡಿದು 1897ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಫ್ಲೋರಾ ಶಾ ಎಂಬ ಪತ್ರಕರ್ತೆ ಅದನ್ನು ಸೂಚಿಸಿದರು. ಮುಂದೆ ಆಕೆಯನ್ನು ಮದುವೆಯಾದ ಫ್ರೆಡ್ರಿಕ್ ಲುಗಾರ್ಡ್ ಎಂಬ ಬ್ರಿಟಿಷ್ ಆಡಳಿತಗಾರ 1914ರ ಜನವರಿ 1ರಂದು ಉತ್ತರ ಮತ್ತು ದಕ್ಷಿಣದ ಎರಡು ರಕ್ಷಿತ ಪ್ರಾಂತಗಳನ್ನು ಒಂದುಗೂಡಿಸಿದ. ಉತ್ತರದಲ್ಲಿ ಖರ್ಚು ಹೆಚ್ಚು, ಆದಾಯ ಕಡಿಮೆ. ದಕ್ಷಿಣದ ಬಂದರುಗಳಲ್ಲಿ ಸುಂಕದ ಹಣ ತುಂಬುತ್ತಿತ್ತು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಸಿಕೊಳ್ಳುವುದು ಜೋಡಣೆಯ ಮುಖ್ಯ ಉದ್ದೇಶವಾಗಿತ್ತು. ಎರಡೂ ಕಡೆಯ ಜನರನ್ನು ಯಾರೂ ಕೇಳಲಿಲ್ಲ.

ಜೋಡಿಸಿದ ಮೇಲೂ ಅವು ಬೇರೆಯಾಗಿಯೇ ಉಳಿದವು. ಉತ್ತರದಲ್ಲಿ, 1804ರಲ್ಲಿ ಉಸ್ಮಾನ್ ದಾನ್ ಫೋದಿಯೊ ಆರಂಭಿಸಿದ ಧರ್ಮಯುದ್ಧದಿಂದ ಹುಟ್ಟಿದ ಸೊಕೊಟೊ ಸಾಮ್ರಾಜ್ಯ ಇತ್ತು. ಅದರ ಅಮೀರರನ್ನು ಬ್ರಿಟಿಷರು ಗದ್ದುಗೆಯಲ್ಲೇ ಇರಿಸಿ ಅವರ ಮೂಲಕ ಆಳಿದರು. ಮುಸ್ಲಿಂ ಪ್ರದೇಶಗಳಲ್ಲಿ ಕ್ರೈಸ್ತ ಮಿಷನರಿಗಳ ಶಾಲೆಗಳಿಗೆ ತಡೆ ಹಾಕಿದರು. ದಕ್ಷಿಣದಲ್ಲಿ ಮಿಷನ್ ಶಾಲೆಗಳು ಊರೂರಿಗೆ ಹಬ್ಬಿದವು. ಹೀಗಾಗಿ ಒಂದೇ ದೇಶದ ಒಂದು ಭಾಗದಲ್ಲಿ ಇಂಗ್ಲಿಷ್ ಕಲಿತ ಗುಮಾಸ್ತರು, ಉಪಾಧ್ಯಾಯರು, ವಕೀಲರು ಸಾವಿರಗಟ್ಟಲೆ ತಯಾರಾದರು. ಇನ್ನೊಂದು ಭಾಗದಲ್ಲಿ ಅಂಥವರು ಬೆರಳೆಣಿಕೆಯಷ್ಟಿದ್ದರು.

ಇನ್ನೊಂದು ಸಂಗತಿ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ‘ಇಗ್ಬೊ’, ‘ಯೊರುಬಾ’ ಎಂಬ ದೊಡ್ಡ ಗುರುತುಗಳು ನಾವು ಭಾವಿಸುವಷ್ಟು ಹಳೆಯವಲ್ಲ. ಯೊರುಬಾ ಮಾತಾಡುವವರು ಹತ್ತೊಂಬತ್ತನೆಯ ಶತಮಾನದಲ್ಲಿ ಇಬಾದಾನ್, ಇಜೆಬು, ಎಕಿಟಿ ಎಂದು ತಮ್ಮತಮ್ಮಲ್ಲೇ ದಶಕಗಟ್ಟಲೆ ಹೋರಾಡಿದ್ದರು. ಇಗ್ಬೊ ಸೀಮೆಯಲ್ಲಿ ಬಹುಪಾಲು ಕಡೆ ರಾಜನೇ ಇರಲಿಲ್ಲ. ಹಳ್ಳಿಯ ಹಿರಿಯರು, ಕುಲಸಭೆಗಳು ತಮ್ಮ ವ್ಯವಹಾರ ನೋಡಿಕೊಳ್ಳುತ್ತಿದ್ದವು. ಚಿನುವಾ ಅಚೆಬೆಯವರ ಕಾದಂಬರಿಗಳನ್ನು ಓದಿದವರಿಗೆ ಈ ಚಿತ್ರ ಪರಿಚಿತ. ಹಳ್ಳಿಯವನಿಗೆ ತನ್ನ ಊರೇ ತನ್ನ ಗುರುತು. ಬೈಬಲ್ಲಿನ ಅನುವಾದಕ್ಕೆ ಒಂದು ಸಾಮಾನ್ಯ ಭಾಷೆ ಬೇಕಾದಾಗ, ಶಾಲೆಗೆ ಪಠ್ಯ ಬೇಕಾದಾಗ, ಪಟ್ಟಣದಲ್ಲಿ ಕೆಲಸಕ್ಕೆ ಬಂದವರು ಸಂಘ ಕಟ್ಟಿಕೊಂಡಾಗ ಈ ಸಣ್ಣ ಗುರುತುಗಳೆಲ್ಲ ಸೇರಿ ದೊಡ್ಡ ಗುರುತಾಯಿತು. 1940ರ ದಶಕದಲ್ಲಿ ಇಗ್ಬೊಗಳ, ಯೊರುಬಾಗಳ, ಉತ್ತರದವರ ಸಂಘಗಳು ಒಂದರ ಹಿಂದೆ ಒಂದು ಹುಟ್ಟಿದವು. ಮುಂದಿನ ರಾಜಕೀಯ ಪಕ್ಷಗಳಿಗೆ ಇವೇ ತಳಹದಿ. ‘ಪುರಾತನ ದ್ವೇಷ’ ಎನ್ನುವುದರ ಬಹುಭಾಗಕ್ಕೆ ಅಂದು ಇನ್ನೂ ಒಂದು ತಲೆಮಾರಿನ ವಯಸ್ಸೂ ಆಗಿರಲಿಲ್ಲ.

ಹೊಸ ಊರಿನ ಹೊರಗಿನವರು

ಪೂರ್ವದ ಇಗ್ಬೊ ಸೀಮೆಯಲ್ಲಿ ಜನ ಹೆಚ್ಚು, ಭೂಮಿ ಕಡಿಮೆ, ಮಣ್ಣೂ ಸತ್ವಹೀನ. ಓದು ಕಲಿತ ಯುವಕರು ರೈಲು ಹತ್ತಿ ಉತ್ತರದ ಕಾನೊ, ಕಡುನಾ, ಜೋಸ್ ನಗರಗಳಿಗೆ ಹೋದರು. ರೈಲ್ವೆಯಲ್ಲಿ, ಅಂಚೆ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಹಿಡಿದರು. ಅಂಗಡಿ ಇಟ್ಟರು, ಲಾರಿ ಓಡಿಸಿದರು. ಆದರೆ ಅವರಿಗೆ ಹಳೆಯ ಊರಿನ ಕೋಟೆಯೊಳಗೆ ಜಾಗವಿರಲಿಲ್ಲ. ಹೊರಗಿನಿಂದ ಬಂದವರಿಗೆಂದೇ ‘ಸಾಬೊನ್ ಗರಿ’ ಎಂಬ ಬಡಾವಣೆಗಳಿದ್ದವು. ಹೌಸಾ ಭಾಷೆಯಲ್ಲಿ ಈ ಮಾತಿಗೆ ‘ಹೊಸ ಊರು’ ಎಂದೇ ಅರ್ಥ. ಬೇರೆ ಬಡಾವಣೆ, ಬೇರೆ ಶಾಲೆ, ಬೇರೆ ಮಾರುಕಟ್ಟೆ. ಒಂದೇ ನಗರದಲ್ಲಿ ಎರಡು ತಲೆಮಾರು ಬಾಳಿದರೂ ಎರಡೂ ಕಡೆಯ ಮಕ್ಕಳು ಒಂದು ಬೆಂಚಿನಲ್ಲಿ ಕುಳಿತು ಓದಲಿಲ್ಲ.

ಸ್ಥಳೀಯನ ಕಣ್ಣಿಗೆ ಕಂಡದ್ದು, ತನ್ನ ಊರಿನ ನೌಕರಿಯೆಲ್ಲ ಹೊರಗಿನವನ ಕೈಯಲ್ಲಿ ಇದೆ ಎಂಬುದು. ವಲಸೆ ಬಂದವನಿಗೆ ಅನ್ನಿಸಿದ್ದು, ತಾನು ದುಡಿದು ಗಳಿಸಿದ್ದಕ್ಕೆ ತನ್ನನ್ನೇ ದೂರುತ್ತಿದ್ದಾರೆ ಎಂಬುದು. 1945ರಲ್ಲಿ ಜೋಸ್‌ನಲ್ಲಿ, 1953ರಲ್ಲಿ ಕಾನೊದಲ್ಲಿ ಗಲಭೆಗಳಾದವು. ಅವು ಮುನ್ಸೂಚನೆ ಎಂದು ಆಗ ಹೆಚ್ಚಿನವರಿಗೆ ಅನ್ನಿಸಲಿಲ್ಲ.

ತಲೆ ಎಣಿಕೆಯ ರಾಜಕೀಯ

1960ರ ಅಕ್ಟೋಬರ್ 1ರಂದು ನೈಜೀರಿಯಾ ಸ್ವತಂತ್ರವಾಯಿತು. ಅಬೂಬಕರ್ ತಫಾವಾ ಬಲೇವಾ ಪ್ರಧಾನಿಯಾದರು. ಸ್ವಾತಂತ್ರ್ಯ ಹೋರಾಟದ ಹಿರಿಯ, ಇಗ್ಬೊ ನಾಯಕ ನ್ನಾಮ್ದಿ ಅಜೀಕಿವೆ ಮೊದಲು ಗವರ್ನರ್ ಜನರಲ್, 1963ರಲ್ಲಿ ಗಣರಾಜ್ಯವಾದಾಗ ಅಧ್ಯಕ್ಷರಾದರು. ಆಫ್ರಿಕಾದ ಅತಿ ಹೆಚ್ಚು ಜನಸಂಖ್ಯೆಯ ದೇಶ, ಸಂಸದೀಯ ಪ್ರಜಾಪ್ರಭುತ್ವ, ಸಮೃದ್ಧ ನೆಲ ಎಂದು ಹೊರಜಗತ್ತು ಅದನ್ನು ಹೊಗಳಿತು.

ಆದರೆ ಮನೆಯ ಅಡಿಪಾಯದಲ್ಲೇ ಓರೆ ಇತ್ತು. ದೇಶವನ್ನು ಮೂರು ಪ್ರಾಂತಗಳಾಗಿ ವಿಂಗಡಿಸಲಾಗಿತ್ತು: ಉತ್ತರ, ಪಶ್ಚಿಮ, ಪೂರ್ವ. ಉತ್ತರ ಪ್ರಾಂತವೊಂದೇ ದೇಶದ ವಿಸ್ತೀರ್ಣದ ಸುಮಾರು ಮುಕ್ಕಾಲು ಪಾಲು. ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು. 1959ರ ಚುನಾವಣೆಯಲ್ಲಿ ಸಂಸತ್ತಿನ 312 ಸ್ಥಾನಗಳಲ್ಲಿ 174 ಉತ್ತರಕ್ಕೇ ಹೋದವು. ಪ್ರತಿ ಪ್ರಾಂತದಲ್ಲೂ ಒಂದು ದೊಡ್ಡ ಜನಾಂಗ, ಒಂದು ದೊಡ್ಡ ಪಕ್ಷ. ಉತ್ತರದಲ್ಲಿ ಸೊಕೊಟೊದ ಸರ್ದೌನ ಎಂದೇ ಪ್ರಸಿದ್ಧರಾದ ಅಹ್ಮದು ಬೆಲ್ಲೊ, ಪಶ್ಚಿಮದಲ್ಲಿ ಯೊರುಬಾ ನಾಯಕ ಒಬಾಫೆಮಿ ಅವೊಲೊವೊ ಅವರ ಪಕ್ಷ, ಪೂರ್ವದಲ್ಲಿ ಅಜೀಕಿವೆಯವರು ಕಟ್ಟಿದ ಪಕ್ಷ. ಪ್ರತಿ ಪ್ರಾಂತದೊಳಗೂ ಹತ್ತಾರು ಸಣ್ಣ ಜನಾಂಗಗಳು. ದೇಶದಲ್ಲಿ ಒಟ್ಟು 250ಕ್ಕೂ ಹೆಚ್ಚು ಜನಾಂಗಗಳಿದ್ದರೂ ಮಾತು ನಡೆಯುತ್ತಿದ್ದದ್ದು ಮೂರರದ್ದು ಮಾತ್ರ.

ಇಂಥ ಏರ್ಪಾಡಿನಲ್ಲಿ ಜನಗಣತಿ ಬರೀ ಲೆಕ್ಕವಾಗಿ ಉಳಿಯುವುದಿಲ್ಲ. ತಲೆ ಹೆಚ್ಚಾದರೆ ಸ್ಥಾನ ಹೆಚ್ಚು, ಸ್ಥಾನ ಹೆಚ್ಚಾದರೆ ಹಣ, ರಸ್ತೆ, ಕಾರ್ಖಾನೆ, ನೌಕರಿ. 1962ರ ಗಣತಿ ಎಷ್ಟು ವಿವಾದಕ್ಕೊಳಗಾಯಿತೆಂದರೆ ಅದನ್ನು ರದ್ದುಪಡಿಸಬೇಕಾಯಿತು. 1963ರಲ್ಲಿ ಮತ್ತೆ ಎಣಿಸಿದಾಗ ದೇಶದ ಜನಸಂಖ್ಯೆ 5 ಕೋಟಿ 56 ಲಕ್ಷ, ಅದರಲ್ಲಿ ಉತ್ತರದ್ದು 2 ಕೋಟಿ 98 ಲಕ್ಷ ಎಂದು ಬಂತು. ದಕ್ಷಿಣದ ನಾಯಕರು ನಂಬಲಿಲ್ಲ. ಅದೇ ವರ್ಷ ಅವೊಲೊವೊ ರಾಜದ್ರೋಹದ ಆರೋಪದ ಮೇಲೆ ಜೈಲು ಸೇರಿದರು. 1964ರ ಸಾರ್ವತ್ರಿಕ ಚುನಾವಣೆಯನ್ನು ವಿರೋಧ ಪಕ್ಷಗಳು ಬಹಿಷ್ಕರಿಸಿದವು. 1965ರಲ್ಲಿ ಪಶ್ಚಿಮ ಪ್ರಾಂತದ ಚುನಾವಣೆಯಲ್ಲಿ ನಡೆದ ಅಕ್ರಮಗಳ ನಂತರ ಮನೆಗಳಿಗೆ, ವಾಹನಗಳಿಗೆ ಪೆಟ್ರೋಲು ಸುರಿದು ಬೆಂಕಿ ಇಡುವುದು ನಿತ್ಯದ ಸುದ್ದಿಯಾಯಿತು. ಇಲ್ಲಿ ಹೊಡೆದಾಡಿದವರು ಯೊರುಬಾ ಮತ್ತು ಯೊರುಬಾ ಎಂಬುದನ್ನು ನೆನಪಿಡಬೇಕು.

ಈ ನಡುವೆ ನೆಲದಡಿಯಿಂದ ಇನ್ನೊಂದು ಶಕ್ತಿ ಮೇಲೆದ್ದಿತ್ತು. 1956ರಲ್ಲಿ ಪೂರ್ವದ ನದೀಮುಖಜ ಭೂಮಿಯ ಒಲೊಯಿಬಿರಿ ಎಂಬಲ್ಲಿ ಶೆಲ್–ಬಿಪಿ ಕಂಪನಿಗೆ ತೈಲ ಸಿಕ್ಕಿತ್ತು. 1958ರಿಂದ ರಫ್ತು ಆರಂಭವಾಯಿತು. ಅಂದಿನ ಸಂವಿಧಾನದ ಪ್ರಕಾರ ಖನಿಜದ ರಾಜಸ್ವದಲ್ಲಿ ಅರ್ಧ ಪಾಲು ಅದು ಸಿಕ್ಕ ಪ್ರಾಂತಕ್ಕೆ. ಕಡಲೆಕಾಯಿ, ಕೋಕೊ, ತಾಳೆಎಣ್ಣೆ ಮಾರಿ ಬದುಕುತ್ತಿದ್ದ ದೇಶದಲ್ಲಿ ‘ಯಾರ ಎಣ್ಣೆ?’ ಎಂಬ ಹೊಸ ಪ್ರಶ್ನೆ ಹುಟ್ಟಿತು.

ಒಂದೇ ವರ್ಷದಲ್ಲಿ ಎರಡು ಕ್ರಾಂತಿ

1966ರ ಜನವರಿ 15ರ ನಸುಕಿನಲ್ಲಿ ಕೆಲವು ಯುವ ಮೇಜರ್‌ಗಳು ಸೇನಾ ಕ್ರಾಂತಿಗೆ ಕೈಹಾಕಿದರು. ಕಡುನಾದಲ್ಲಿ ಮೇಜರ್ ಚುಕ್ವುಮಾ ಕಡುನಾ ನ್ಜೆಯೊಗ್ವು ಇದರ ಮುಂದಾಳು. ಭ್ರಷ್ಟ ರಾಜಕಾರಣಿಗಳಿಂದ ದೇಶವನ್ನು ಬಿಡಿಸುವುದು ತಮ್ಮ ಗುರಿ ಎಂದು ಅವರು ಹೇಳಿಕೊಂಡರು. ಪ್ರಧಾನಿ ಬಲೇವಾ, ಅಹ್ಮದು ಬೆಲ್ಲೊ, ಪಶ್ಚಿಮದ ಪ್ರೀಮಿಯರ್ ಸ್ಯಾಮುಯೆಲ್ ಅಕಿಂತೊಲ, ಹಣಕಾಸು ಸಚಿವ ಫೆಸ್ಟಸ್ ಒಕೊಟಿ–ಎಬೊ, ಹಲವು ಹಿರಿಯ ಸೇನಾಧಿಕಾರಿಗಳು ಕೊಲೆಯಾದರು.

ಮೊದಲ ದಿನಗಳಲ್ಲಿ ಉತ್ತರದಲ್ಲೂ ಕೆಲವರು ಸಂತೋಷಪಟ್ಟರು. ಆಮೇಲೆ ಜನ ಲೆಕ್ಕ ಹಾಕತೊಡಗಿದರು. ಸಂಚು ಹೂಡಿದವರಲ್ಲಿ ಹೆಚ್ಚಿನವರು ಇಗ್ಬೊಗಳು. ಸತ್ತವರಲ್ಲಿ ಹೆಚ್ಚಿನವರು ಉತ್ತರದವರು, ಪಶ್ಚಿಮದವರು. ಪೂರ್ವದ ಪ್ರೀಮಿಯರ್‌ಗೆ ಏನೂ ಆಗಲಿಲ್ಲ. ಕ್ರಾಂತಿ ವಿಫಲವಾಗಿ ಅಧಿಕಾರ ಹಿಡಿದ ಸೇನಾ ಮುಖ್ಯಸ್ಥ ಮೇಜರ್ ಜನರಲ್ ಅಗುಯಿ ಇರೋನ್ಸಿಯೂ ಇಗ್ಬೊ. ಇದು ಇಗ್ಬೊಗಳ ಒಳಸಂಚು ಎಂಬ ಮಾತು ಉತ್ತರದ ಮಾರುಕಟ್ಟೆಗಳಲ್ಲಿ ಹಬ್ಬಿತು. ಆದರೆ ಸಂಚುಗಾರರಲ್ಲಿ ಯೊರುಬಾ ಮೇಜರ್ ಒಬ್ಬರಿದ್ದರು. ಸತ್ತ ಅಧಿಕಾರಿಗಳಲ್ಲಿ ಇಗ್ಬೊ ಒಬ್ಬರಿದ್ದರು. ಕ್ರಾಂತಿಗೆ ಸೇರಲು ನಿರಾಕರಿಸಿ ಕಾನೊದ ಪಡೆಯನ್ನು ಸರ್ಕಾರದ ಪರ ಹಿಡಿದಿಟ್ಟವರು ಒಬ್ಬ ಇಗ್ಬೊ ಅಧಿಕಾರಿಯೇ. ಅವರ ಹೆಸರು ಚುಕ್ವುಮೆಕ ಒಡುಮೆಗ್ವು ಓಜುಕ್ವು. ಭಯ ಹರಡಿದ ಊರಿನಲ್ಲಿ ಇಂಥ ಸೂಕ್ಷ್ಮಗಳನ್ನು ಕೇಳುವವರಿರಲಿಲ್ಲ.

ಇರೋನ್ಸಿ ಸಂಚುಗಾರರನ್ನು ಬಂಧಿಸಿದರೂ ವಿಚಾರಣೆಗೆ ಒಳಪಡಿಸಲಿಲ್ಲ. 1966ರ ಮೇ 24ರಂದು ಪ್ರಾಂತಗಳನ್ನು ರದ್ದುಮಾಡಿ, ಸರ್ಕಾರಿ ನೌಕರಿಯನ್ನೆಲ್ಲ ಒಂದುಗೂಡಿಸುವ ಆಜ್ಞೆ ಹೊರಡಿಸಿದರು. ಇದು ಐಕ್ಯದ ಕ್ರಮ ಎಂದು ಅವರು ಬಗೆದಿರಬಹುದು. ಉತ್ತರದ ಗುಮಾಸ್ತನಿಗೆ ಕಂಡ ಅರ್ಥವೇ ಬೇರೆ: ಹೆಚ್ಚು ಓದಿದ ದಕ್ಷಿಣದವರ ಜೊತೆ ಪೈಪೋಟಿಗೆ ಇಳಿಯಬೇಕು, ಇದ್ದ ಕೆಲಸವೂ ಹೋಗುತ್ತದೆ. ಐದೇ ದಿನದಲ್ಲಿ ಉತ್ತರದ ನಗರಗಳಲ್ಲಿ ಗಲಭೆ ಭುಗಿಲೆದ್ದಿತು. ಅಂದು ಕೇಳಿಬಂದ ಕೂಗು ‘ಅರಬ’. ಹೌಸಾದಲ್ಲಿ ಹಾಗೆಂದರೆ ‘ಬೇರೆಯಾಗೋಣ’. ದೇಶದಿಂದ ಬೇರೆಯಾಗುವ ಮಾತನ್ನು ಆ ವರ್ಷ ಉತ್ತರವೂ ಆಡಿತ್ತು.

ಜುಲೈ 29ರಂದು ಉತ್ತರದ ಸೈನಿಕರು ತಿರುಗಿಬಿದ್ದರು. ಇಬಾದಾನ್‌ನಲ್ಲಿ ಇರೋನ್ಸಿಯನ್ನು, ಅವರಿಗೆ ಆತಿಥ್ಯ ನೀಡಿದ್ದ ಯೊರುಬಾ ಅಧಿಕಾರಿ ಅಡೆಕುನ್ಲೆ ಫಜುಯಿಯನ್ನು ಹಿಡಿದೊಯ್ದು ಕೊಂದರು. ಬ್ಯಾರಕ್‌ಗಳಲ್ಲಿ ಇಗ್ಬೊ ಅಧಿಕಾರಿಗಳನ್ನು ಹುಡುಕಿ ಹುಡುಕಿ ಕೊಲ್ಲಲಾಯಿತು. 31 ವರ್ಷದ ಗೊವನ್ ಅಧಿಕಾರಕ್ಕೆ ಬಂದರು. ಇಲ್ಲಿ ಭಾರತಕ್ಕೂ ಸಂಬಂಧಿಸಿದ ಒಂದು ಮಾತು. ಎರಡೇ ವರ್ಷ ಹಿಂದೆ, 1964ರಲ್ಲಿ, ಕಡುನಾದಲ್ಲಿ ನೈಜೀರಿಯಾದ ರಕ್ಷಣಾ ಅಕಾಡೆಮಿ ಆರಂಭವಾದದ್ದು ಭಾರತೀಯ ಸೇನಾಧಿಕಾರಿಗಳ ನೆರವಿನಿಂದ. ದೇಶದ ಎಲ್ಲ ಭಾಗದ ಹುಡುಗರನ್ನು ಒಂದೇ ಸಮವಸ್ತ್ರದಲ್ಲಿ ಬೆಳೆಸುವುದು ಅಲ್ಲಿನ ಆಸೆಯಾಗಿತ್ತು. ಆ ಆಸೆ ಚಿಗುರುವ ಮೊದಲೇ ಸೇನೆ ಜನಾಂಗದ ಗೆರೆಯಲ್ಲಿ ಸೀಳಿಹೋಯಿತು.

ರೈಲಿನಲ್ಲಿ ಮರಳಿದವರು

1966ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಉತ್ತರದ ನಗರಗಳಲ್ಲಿ ಪೂರ್ವದವರ ಮೇಲೆ ಮತ್ತೆ ದಾಳಿಗಳಾದವು. ಈ ಬಾರಿ ಸೈನಿಕರೂ ಸೇರಿಕೊಂಡಿದ್ದರು. ಸತ್ತವರ ಸಂಖ್ಯೆಯನ್ನು ಕೆಲವರು ಕೆಲವು ಸಾವಿರ ಎಂದರೆ, ಕೆಲವರು 30 ಸಾವಿರದವರೆಗೆ ಹೇಳುತ್ತಾರೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ರೈಲು, ಲಾರಿ ಹತ್ತಿ ಪೂರ್ವಕ್ಕೆ ಓಡಿಬಂದರು. ಅವರಲ್ಲಿ ಹಲವರು ಹುಟ್ಟಿದ್ದೇ ಉತ್ತರದಲ್ಲಿ. ಪೂರ್ವ ಅವರಿಗೆ ತಂದೆತಾಯಿ ಹೇಳಿದ ಊರು, ಅಷ್ಟೆ. ಆಗ ಪೂರ್ವದ ಸೇನಾ ಗವರ್ನರ್ ಆಗಿದ್ದ ಓಜುಕ್ವು ಕೂಡ ಹುಟ್ಟಿದ್ದು ಉತ್ತರದ ಜುಂಗೇರು ಎಂಬ ಊರಿನಲ್ಲಿ. ಶ್ರೀಮಂತ ಸಾರಿಗೆ ಉದ್ಯಮಿಯ ಮಗ, ಆಕ್ಸ್‌ಫರ್ಡ್‌ನಲ್ಲಿ ಓದಿದವರು.

ಆ ರೈಲುಗಳು ಪೂರ್ವದ ನಿಲ್ದಾಣಗಳನ್ನು ತಲುಪಿದಾಗಲೇ ಒಂದು ದೇಶ ಎಂಬ ನಂಬಿಕೆ ಮುರಿದುಬಿದ್ದಿತ್ತು. ಪ್ರಾಣ ಕಾಪಾಡಲಾರದ ಸರ್ಕಾರ ತಮ್ಮದು ಹೇಗಾದೀತು ಎಂಬುದು ಇಗ್ಬೊಗಳ ಪ್ರಶ್ನೆ. ಅದಕ್ಕೆ ಲಾಗೋಸ್‌ನಿಂದ ಸಮಾಧಾನಕರ ಉತ್ತರ ಬರಲಿಲ್ಲ.

1967ರ ಜನವರಿ 4 ಮತ್ತು 5ರಂದು ಘಾನಾದ ಅಬುರಿಯಲ್ಲಿ ಎರಡೂ ಕಡೆಯವರು ಮಾತಿಗೆ ಕುಳಿತರು. ಕೇಂದ್ರವನ್ನು ಸಡಿಲಗೊಳಿಸಿ, ಪ್ರಾಂತಗಳಿಗೆ ಹೆಚ್ಚು ಅಧಿಕಾರ ಕೊಡುವ ಒಪ್ಪಂದಕ್ಕೆ ಬಂದರು. ಆದರೆ ಊರಿಗೆ ಮರಳಿದ ಮೇಲೆ ಇಬ್ಬರೂ ಅದಕ್ಕೆ ಬೇರೆ ಬೇರೆ ಅರ್ಥ ಹೇಳಿದರು. ಮೇ 27ರಂದು ಗೊವನ್ ದೇಶವನ್ನು 12 ರಾಜ್ಯಗಳಾಗಿ ವಿಂಗಡಿಸಿದರು. ಉತ್ತರವೆಂಬ ದೈತ್ಯ ಪ್ರಾಂತ ಒಡೆಯಿತು. ಅದು ಬಹುಕಾಲದ ಬೇಡಿಕೆ. ಜೊತೆಗೇ ಪೂರ್ವವೂ ಮೂರು ಹೋಳಾಯಿತು. ಇಗ್ಬೊಗಳ ಪಾಲಿಗೆ ಬಂದ ರಾಜ್ಯಕ್ಕೆ ಸಮುದ್ರವಿರಲಿಲ್ಲ. ಬಂದರುಗಳೂ ತೈಲದ ಹೆಚ್ಚಿನ ಭಾಗವೂ ಅಲ್ಪಸಂಖ್ಯಾತರ ರಾಜ್ಯಗಳಿಗೆ ಹೋದವು. ಮೂರು ದಿನದ ನಂತರ, ಮೇ 30ರಂದು ಓಜುಕ್ವು ಬಯಾಫ್ರಾ ಗಣರಾಜ್ಯವನ್ನು ಘೋಷಿಸಿದರು. ಬಾವುಟದ ಮೇಲೆ ಅರ್ಧ ಉದಯಿಸಿದ ಹಳದಿ ಸೂರ್ಯ. ಜುಲೈ 6ರಂದು ಯುದ್ಧ ಆರಂಭವಾಯಿತು.

ಹಸಿವೆಂಬ ಆಯುಧ

ಆಗಸ್ಟ್‌ನಲ್ಲಿ ಬಯಾಫ್ರಾ ಸೇನೆ ನೈಜರ್ ನದಿ ದಾಟಿ ಪಶ್ಚಿಮಕ್ಕೆ ನುಗ್ಗಿ ಓರೆ ಎಂಬಲ್ಲಿಗೆ ತಲುಪಿತು. ಲಾಗೋಸ್ ಅಲ್ಲಿಂದ ಹೆಚ್ಚು ದೂರವಿರಲಿಲ್ಲ. ಆದರೆ ಅಲ್ಲಿಂದ ಹಿಮ್ಮೆಟ್ಟಬೇಕಾಯಿತು. ಅಕ್ಟೋಬರ್ ಆರಂಭದಲ್ಲಿ ರಾಜಧಾನಿ ಎನುಗು ಬಿತ್ತು. ಅದೇ ತಿಂಗಳು ನದಿಯ ಪಶ್ಚಿಮ ದಡದ ಅಸಾಬಾ ಪಟ್ಟಣದಲ್ಲಿ ಜನ ಬಿಳಿಯ ಹಬ್ಬದ ಉಡುಪು ತೊಟ್ಟು, ‘ಒಂದೇ ನೈಜೀರಿಯಾ’ ಎನ್ನುತ್ತ ಕೇಂದ್ರದ ಸೇನೆಯನ್ನು ಸ್ವಾಗತಿಸಲು ಬಂದರು. ಸೈನಿಕರು ಗಂಡಸರನ್ನೂ ಹುಡುಗರನ್ನೂ ಬೇರ್ಪಡಿಸಿ ನೂರಾರು ಮಂದಿಯನ್ನು ಗುಂಡಿಟ್ಟು ಕೊಂದರು. 1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಬಂದರು ಕೈಬಿಟ್ಟ ಮೇಲೆ ಬಯಾಫ್ರಾ ಸಮುದ್ರವಿಲ್ಲದ ಒಂದು ತುಂಡು ನೆಲವಾಯಿತು. ಒಳಗೆ ಲಕ್ಷಾಂತರ ನಿರಾಶ್ರಿತರು. ಸುತ್ತ ದಿಗ್ಬಂಧನ. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರ ನೋಟುಗಳನ್ನೇ ಬದಲಿಸಿ ಬಯಾಫ್ರಾದ ಖಜಾನೆಯಲ್ಲಿದ್ದ ಹಣವನ್ನು ಕಾಗದದ ಚೂರಾಗಿಸಿತ್ತು.

ಒಣಮೀನು, ಮಾಂಸ, ಉಪ್ಪು ಹೊರಗಿನಿಂದ ಬರುತ್ತಿದ್ದ ಸೀಮೆ ಅದು. ಗೆಣಸು–ಗೆಡ್ಡೆ ಇದ್ದರೂ ಸಸಾರಜನಕ ಇಲ್ಲದೆ ಮಕ್ಕಳಿಗೆ ಕ್ವಾಶಿಯೋರ್ಕರ್ ರೋಗ ಬಂತು. ಹೊಟ್ಟೆ ಉಬ್ಬುತ್ತದೆ, ಕಾಲು ಬಾಯುತ್ತದೆ, ಕೂದಲು ಕೆಂಪಾಗಿ ಉದುರುತ್ತದೆ. 1968ರ ಮಧ್ಯದಲ್ಲಿ ಈ ಮಕ್ಕಳ ಚಿತ್ರಗಳು ಜಗತ್ತಿನ ಪತ್ರಿಕೆ, ದೂರದರ್ಶನಗಳಲ್ಲಿ ಬಂದವು. ಚರ್ಚ್ ಸಂಸ್ಥೆಗಳೂ ರೆಡ್‌ಕ್ರಾಸ್ ಕೂಡ ವಿಮಾನದಲ್ಲಿ ಆಹಾರ ಕಳುಹಿಸತೊಡಗಿದವು. ಉಲಿ ಎಂಬಲ್ಲಿ ಹೆದ್ದಾರಿಯ ಒಂದು ತುಂಡನ್ನೇ ಅಗಲಗೊಳಿಸಿ ಓಡುದಾರಿ ಮಾಡಿದ್ದರು. ಬಾಂಬಿನ ಭಯಕ್ಕೆ ವಿಮಾನಗಳು ರಾತ್ರಿ ದೀಪವಿಲ್ಲದೆ ಬರುತ್ತಿದ್ದವು. ಇಳಿಯುವ ಕ್ಷಣ ಮಾತ್ರ ದೀಪ ಹೊತ್ತಿ ಆರುತ್ತಿತ್ತು. 1969ರ ಜೂನ್‌ನಲ್ಲಿ ರೆಡ್‌ಕ್ರಾಸ್‌ನ ಒಂದು ವಿಮಾನವನ್ನು ನೈಜೀರಿಯಾದ ವಾಯುಪಡೆ ಹೊಡೆದುರುಳಿಸಿತು.

ಹಸಿವೂ ಯುದ್ಧದ ಸಾಧನವೇ ಎಂಬ ವಾದವನ್ನು ಲಾಗೋಸ್ ಸರ್ಕಾರದ ಹಿರಿಯರು ಬಹಿರಂಗವಾಗಿಯೇ ಆಡಿದರು. ಇತ್ತ ಓಜುಕ್ವು ಕೂಡ ಶತ್ರುವಿನ ತಪಾಸಣೆಗೆ ಒಳಪಟ್ಟು ನೆಲದ ದಾರಿಯಲ್ಲಿ ಬರುವ ಆಹಾರವನ್ನು ಒಪ್ಪಲಿಲ್ಲ. ಅದರಲ್ಲಿ ವಿಷ ಬೆರೆತಿರಬಹುದು, ಆ ದಾರಿಯಲ್ಲಿ ಸೇನೆಯೂ ಬಂದೀತು ಎಂಬ ಶಂಕೆ. ರಾತ್ರಿಯ ಕತ್ತಲಲ್ಲಿ ಆಹಾರದ ವಿಮಾನಗಳ ನಡುವೆ ಶಸ್ತ್ರಾಸ್ತ್ರದ ವಿಮಾನಗಳೂ ಇಳಿಯುತ್ತಿದ್ದವು. ಇಬ್ಬರ ಹಟದ ನಡುವೆ ಸತ್ತದ್ದು ಮಕ್ಕಳು. ಒಟ್ಟು ಸಾವಿನ ಅಂದಾಜು ಐದು ಲಕ್ಷದಿಂದ 30 ಲಕ್ಷದವರೆಗೆ ಇದೆ. ಗುಂಡಿಗಿಂತ ಹಸಿವಿಗೆ ಬಲಿಯಾದವರೇ ಬಹಳ ಹೆಚ್ಚು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಹೊರಗಿನ ಶಕ್ತಿಗಳು ತಮ್ಮ ಲೆಕ್ಕ ನೋಡಿಕೊಂಡವು. ಶೀತಲ ಸಮರದ ಕಾಲದಲ್ಲಿ ಪರಸ್ಪರ ವಿರೋಧಿಗಳಾದ ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಎರಡೂ ಲಾಗೋಸ್‌ಗೆ ಶಸ್ತ್ರ ಕೊಟ್ಟವು. ಫ್ರಾನ್ಸ್ ಗುಟ್ಟಾಗಿ ಬಯಾಫ್ರಾಕ್ಕೆ ನೆರವಾಯಿತು. ಹೆಚ್ಚಿನ ಆಫ್ರಿಕನ್ ದೇಶಗಳು, ಇಂದು ನೈಜೀರಿಯಾ ಒಡೆದರೆ ನಾಳೆ ತಮ್ಮ ಗಡಿಯೂ ಒಡೆದೀತೆಂದು ಹೆದರಿದವು. ಬಯಾಫ್ರಾವನ್ನು ಮಾನ್ಯ ಮಾಡಿದ್ದು ಟಾಂಜಾನಿಯಾ, ಗ್ಯಾಬೊನ್, ಐವರಿ ಕೋಸ್ಟ್, ಜಾಂಬಿಯಾ ಮತ್ತು ಹೈತಿ ಮಾತ್ರ.

ಎರಡು ಬೆಂಕಿಯ ನಡುವೆ

ಈ ಕಥೆಯಲ್ಲಿ ಮರೆತುಹೋಗುವವರು ಪೂರ್ವದ ಅಲ್ಪಸಂಖ್ಯಾತರು: ಇಜೊ, ಇಬಿಬಿಯೊ, ಎಫಿಕ್, ಒಗೊನಿ. ತೈಲ ಇದ್ದದ್ದು ಬಹುಪಾಲು ಇವರ ನೆಲದಲ್ಲಿ. ನೈಜೀರಿಯಾದಲ್ಲಿ ಉತ್ತರದವರ ಪ್ರಾಬಲ್ಯ ಸಹಿಸಲಾಗದು ಎಂದು ಇಗ್ಬೊಗಳು ಹೇಳುತ್ತಿದ್ದಾಗ, ಬಯಾಫ್ರಾದಲ್ಲಿ ಇಗ್ಬೊಗಳ ಪ್ರಾಬಲ್ಯದ ಗತಿಯೇನು ಎಂದು ಇವರಲ್ಲಿ ಹಲವರು ಕೇಳಿದರು. ಎಫಿಯಾಂಗ್‌ರಂತೆ ಬಯಾಫ್ರಾ ಪರ ನಿಂತವರಿದ್ದರು. ಇಜೊ ಯುವಕ ಐಸಾಕ್ ಅಡಾಕಾ ಬೊರೊ ಅವರಂತೆ ಕೇಂದ್ರದ ಪರ ಹೋರಾಡಿ 1968ರಲ್ಲಿ ಸತ್ತವರೂ ಇದ್ದರು. ಒಗೊನಿ ಲೇಖಕ ಕೆನ್ ಸಾರೊ–ವಿವ ಕೂಡ ಕೇಂದ್ರದ ಪರ ನಿಂತರು. ಮುಂದೆ ಅದೇ ಕೇಂದ್ರದ ಸೇನಾ ಸರ್ಕಾರ, ತೈಲದಿಂದ ಹಾಳಾದ ತನ್ನ ನೆಲಕ್ಕೆ ನ್ಯಾಯ ಕೇಳಿದ ಅವರನ್ನು 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು.

ಬರಹಗಾರರೂ ಹೀಗೆಯೇ ಹಂಚಿಹೋದರು. ಕವಿ ಕ್ರಿಸ್ಟೋಫರ್ ಒಕಿಗ್ಬೊ ಬಯಾಫ್ರಾ ಸೇನೆ ಸೇರಿ 1967ರಲ್ಲಿ ರಣರಂಗದಲ್ಲಿ ಸತ್ತರು. ಅಚೆಬೆ ಬಯಾಫ್ರಾದ ದೂತರಾಗಿ ದೇಶ ದೇಶ ಸುತ್ತಿದರು. ಯುದ್ಧ ತಪ್ಪಿಸಲು ಓಜುಕ್ವುರನ್ನು ಭೇಟಿಯಾಗಿ ಬಂದ ಯೊರುಬಾ ನಾಟಕಕಾರ ವೋಲೆ ಸೊಯಿಂಕಾರನ್ನು ಗೊವನ್ ಸರ್ಕಾರ ಸುಮಾರು ಎರಡು ವರ್ಷ ಸೆರೆಯಲ್ಲಿಟ್ಟಿತು. 1986ರಲ್ಲಿ ಅವರಿಗೆ ನೊಬೆಲ್ ಬಂದಾಗ ಇಡೀ ನೈಜೀರಿಯಾ ಹೆಮ್ಮೆಪಟ್ಟಿತು.

ಯುದ್ಧದ ನಂತರ

1970ರ ಜನವರಿ 11ರಂದು ಓಜುಕ್ವು ಐವರಿ ಕೋಸ್ಟ್‌ಗೆ ಪಲಾಯನ ಮಾಡಿದರು. ಶರಣಾಗತಿಯ ನಂತರ ದೊಡ್ಡ ನರಮೇಧ ನಡೆದೀತೆಂದು ಜಗತ್ತು ಹೆದರಿತ್ತು. ಅದು ನಡೆಯಲಿಲ್ಲ. ನ್ಯೂರೆಂಬರ್ಗ್ ಮಾದರಿಯ ವಿಚಾರಣೆಗಳೂ ಇರಲಿಲ್ಲ. ಇದು ಗೊವನ್‌ಗೆ ಸಲ್ಲಬೇಕಾದ ಕೀರ್ತಿ. ಆದರೆ ‘ಸೋತವರಿಲ್ಲ’ ಎಂಬ ಮಾತು ಬ್ಯಾಂಕಿನ ಕೌಂಟರ್‌ನಲ್ಲಿ ಸುಳ್ಳಾಯಿತು. ಬಯಾಫ್ರಾ ಕಾಲದಲ್ಲಿ ಖಾತೆ ನಡೆಸಿದ್ದವರಿಗೆ, ಎಷ್ಟೇ ಹಣ ಇಟ್ಟಿದ್ದರೂ, ಮರಳಿ ಸಿಕ್ಕಿದ್ದು 20 ಪೌಂಡ್. ಪೋರ್ಟ್ ಹಾರ್ಕೋರ್ಟ್‌ನಲ್ಲಿ ಇಗ್ಬೊಗಳು ಬಿಟ್ಟುಬಂದ ಮನೆಗಳು ‘ವಾರಸುದಾರರಿಲ್ಲದ ಆಸ್ತಿ’ ಎನಿಸಿ ಪರರ ಪಾಲಾದವು. 1972ರಲ್ಲಿ ವಿದೇಶಿ ಕಂಪನಿಗಳ ಷೇರುಗಳನ್ನು ನೈಜೀರಿಯನ್ನರಿಗೆ ಮಾರುವ ಕಾನೂನು ಬಂದಾಗ ಕೊಳ್ಳಲು ಅವರ ಕೈಯಲ್ಲಿ ಕಾಸಿರಲಿಲ್ಲ.

ದೇಶ ಪಾಠ ಕಲಿಯಲೇ ಇಲ್ಲ ಎನ್ನುವಂತಿಲ್ಲ. 1979ರ ಸಂವಿಧಾನ, ಅಧ್ಯಕ್ಷನಾಗುವವನು ಮೂರನೇ ಎರಡರಷ್ಟು ರಾಜ್ಯಗಳಲ್ಲಿ ಕನಿಷ್ಠ ಕಾಲು ಭಾಗ ಮತ ಪಡೆಯಬೇಕೆಂದಿತು. ಒಂದೇ ಜನಾಂಗದ ಬಲದಿಂದ ಗೆಲ್ಲುವ ದಾರಿ ಮುಚ್ಚಿತು. ಆ ವರ್ಷ ಉಪಾಧ್ಯಕ್ಷರಾದವರು ಅಲೆಕ್ಸ್ ಎಕ್ವುಯೆಮೆ, ಒಬ್ಬ ಇಗ್ಬೊ. 12 ರಾಜ್ಯಗಳು ಕಾಲಕ್ರಮದಲ್ಲಿ 36 ಆದವು. 1991ರಲ್ಲಿ ರಾಜಧಾನಿ ದೇಶದ ನಡುಮಧ್ಯದ ಅಬುಜಕ್ಕೆ ಹೋಯಿತು. ಓಜುಕ್ವು ಅವರಿಗೆ 1982ರಲ್ಲಿ ಕ್ಷಮಾದಾನ ಸಿಕ್ಕಿತು. 2011ರಲ್ಲಿ ಅವರು ತೀರಿಕೊಂಡಾಗ ಸರ್ಕಾರವೇ ಸೇನಾ ಗೌರವ ಸಲ್ಲಿಸಿತು.

ಆದರೂ 1979ರಿಂದ 2023ರವರೆಗಿನ ಅಧ್ಯಕ್ಷ ಚುನಾವಣೆಗಳಲ್ಲಿ ಒಬ್ಬ ಇಗ್ಬೊ ಕೂಡ ಆ ಹುದ್ದೆಗೇರಲಿಲ್ಲ. ಯುದ್ಧದ ನಂತರ ಹುಟ್ಟಿದ ಯುವಕರು ಮತ್ತೆ ಬಯಾಫ್ರಾ ಬಾವುಟ ಹಿಡಿದರು. ಅಂಥ ಒಂದು ಸಂಘಟನೆಯನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಯುದ್ಧವನ್ನು ಕಂಡವರು ಮಾತಾಡಲು ಹಿಂಜರಿದರು. ಅಚೆಬೆಯವರೇ ತಮ್ಮ ಯುದ್ಧದ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದ್ದು 2012ರಲ್ಲಿ, ಸಾಯುವ ಹಿಂದಿನ ವರ್ಷ. ಕಾಣದವರು ಮಾತ್ರ ಅದನ್ನು ಮರೆಯಲಿಲ್ಲ. ಮನೆಯಲ್ಲಿ ಹಿರಿಯರು ಹೇಳದೆ ಉಳಿಸಿದ ಕಥೆಯನ್ನು ಮೊಮ್ಮಕ್ಕಳು ತಮಗೆ ತೋಚಿದಂತೆ ಪೂರ್ತಿ ಮಾಡಿಕೊಳ್ಳುತ್ತಾರೆ.

ಆದ್ದರಿಂದ ಸ್ನೇಹಿತರೆ, ಆಫ್ರಿಕಾದ ಯಾವುದಾದರೂ ದೇಶದಲ್ಲಿ ‘ಬುಡಕಟ್ಟು ಕಲಹ’ ಎಂಬ ಶೀರ್ಷಿಕೆ ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಅಲ್ಲಿ ತಲೆ ಎಣಿಸುವವರು ಯಾರು? ನೆಲದ ಸಂಪತ್ತಿನಲ್ಲಿ ಯಾರಿಗೆ ಎಷ್ಟು ಪಾಲು? ಕೋವಿ ಯಾರ ಕೈಯಲ್ಲಿದೆ? ನೈಜೀರಿಯಾದಲ್ಲಿ ಈ ಮೂರಕ್ಕೂ ಎಲ್ಲರೂ ಒಪ್ಪುವ ಉತ್ತರ ಸಿಗಲಿಲ್ಲ. ಆಗ ಕಾನೊದ ಹೊಸ ಊರಿನಲ್ಲಿ ಇಪ್ಪತ್ತು ವರ್ಷ ಅಂಗಡಿ ಇಟ್ಟಿದ್ದವನು ಒಂದೇ ರಾತ್ರಿಯಲ್ಲಿ ಪರಕೀಯನಾದ. ಅವನನ್ನು ಪರಕೀಯನಾಗಿಸಿದ್ದು ಅವನ ಭಾಷೆಯಲ್ಲ, ದೇವರೂ ಅಲ್ಲ. ಹಾಗೆ ಮಾಡಿದರೆ ಲಾಭ ಉಂಟೆಂದು ಬೇರೆ ಯಾರೋ ಹಾಕಿದ ಲೆಕ್ಕ.